ಮೊದಲು ಅರ್ಥಿಂಗ್, ಆಮೇಲೆ ಗ್ರಾಫಿಕ್ಸ್ ಕಾರ್ಡ್

2023ರ ನವೆಂಬರಿನಲ್ಲಿ ನನ್ನ ಪಿಗ್ಮಿ ಖಾತೆಯ ಅವಧಿ ಮುಗಿದು 70,000 ರೂಪಾಯಿಗಿಂತ ಸ್ವಲ್ಪ ಹೆಚ್ಚು ಹಣ ಕೈಗೆ ಬಂತು. ಆ ಹಣದಲ್ಲಿ ಆಟ ಆಡಲು ಯೋಗ್ಯವಾದ ಒಂದು ಕಂಪ್ಯೂಟರನ್ನು ಬಿಡಿಭಾಗಗಳಿಂದ ನಾನೇ ಜೋಡಿಸಬೇಕೆಂಬುದು ಖಾತೆ ತೆರೆದ ದಿನವೇ ಮಾಡಿಕೊಂಡಿದ್ದ ನಿಶ್ಚಯ. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಯೋಜನೆ 1928ರಲ್ಲಿ ಆರಂಭವಾದದ್ದು ನಮ್ಮ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನಲ್ಲಿ. ಅದೇ ಕ್ರಮದಲ್ಲಿ ದಿನಕ್ಕೆ ನೂರು ರೂಪಾಯಿಯಂತೆ ಕೂಡಿಟ್ಟ ಹಣವಾದ್ದರಿಂದ ಪ್ರತಿಯೊಂದು ಭಾಗದ ಬೆಲೆಯೂ ನನಗೆ ದಿನಗಳ ಲೆಕ್ಕದಲ್ಲೇ ಕಾಣುತ್ತಿತ್ತು. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಎಂದರೆ ಇನ್ನೂರು ದಿನ, ಭಾಗಗಳನ್ನೆಲ್ಲ ಬೆಸೆಯುವ ಮದರ್‌ಬೋರ್ಡ್ ಎಂದರೆ ಎರಡು ತಿಂಗಳು.

ಅಂಬಲಪಾಡಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವರು ಇಬ್ಬರು. ಪ್ರಥಮ ಪಿಯುಸಿ ಓದುತ್ತಿದ್ದ ಅಕ್ಕನ ಮಗನಿಗೆ ವ್ಯಾಲರೆಂಟ್ ಆಡಬೇಕಿತ್ತು, ನನಗೆ ರೆಡ್ ಡೆಡ್ ರಿಡೆಂಪ್ಷನ್ 2 ಆಡಬೇಕಿತ್ತು. ಮೊದಲನೆಯದು ಹಗುರವಾದ ಆಟ, ಆದರೆ ಸೆಕೆಂಡಿಗೆ ಎಷ್ಟು ಹೆಚ್ಚು ಚಿತ್ರಗಳು ಮೂಡುತ್ತವೆಯೋ ಗುರಿ ಹಿಡಿಯುವುದು ಅಷ್ಟು ಸಲೀಸಾಗುತ್ತದೆ. ಎರಡನೆಯದರಲ್ಲಿ ವೇಗ ಮುಖ್ಯವಲ್ಲ, ಬೆಟ್ಟದ ಮೇಲಿನ ಮಂಜನ್ನೂ ಕೆಸರಿನಲ್ಲಿ ಮೂಡುವ ಕುದುರೆಯ ಹೆಜ್ಜೆಯನ್ನೂ ಕಣ್ತುಂಬ ನೋಡುವಂತಿರಬೇಕು. ಅಕ್ಕನ ಮಗ ಬರೆದುಕೊಟ್ಟ ಮೊದಲ ಪಟ್ಟಿಯಲ್ಲಿ ಅರ್ಧದಷ್ಟು ಹಣ ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು. ಯುಪಿಎಸ್ ಎಂಬ ಪದ ಅದರಲ್ಲಿ ಇರಲೇ ಇಲ್ಲ. ಆ ಪಟ್ಟಿಯನ್ನು ನಾನು ಬದಿಗಿಡಲು ಕಾರಣವಾದದ್ದು ಒಂದು ಸಣ್ಣ ಸಂಗತಿ.

ಹಳೆಯ ಲ್ಯಾಪ್‌ಟಾಪನ್ನು ಚಾವಡಿಯ ಪ್ಲಗ್ಗಿಗೆ ಸಿಕ್ಕಿಸಿ ಬರಿಗಾಲಿನಲ್ಲಿ ಕುಳಿತಾಗ ಅದರ ಲೋಹದ ಅಂಚು ಬೆರಳಿಗೆ ಜುಮ್ಮೆನ್ನುತ್ತಿತ್ತು. ವರ್ಷಗಟ್ಟಲೆ ಅದನ್ನು ಲ್ಯಾಪ್‌ಟಾಪಿನ ದೋಷವೆಂದೇ ಭಾವಿಸಿದ್ದೆ. ಹೊಸ ಯಂತ್ರಕ್ಕೆ ಇಷ್ಟು ಹಣ ಹಾಕುವ ಮುನ್ನ ಒಮ್ಮೆ ಪ್ಲಗ್ ನೋಡಿಸೋಣವೆಂದು ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೆ. ಅವರು 100 ವಾಟಿನ ಬಲ್ಬನ್ನು ಮೊದಲು ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದಾಗ ಅದು ಪೂರ್ತಿ ಉರಿಯಿತು. ಫೇಸ್ ಮತ್ತು ಅರ್ಥಿನ ನಡುವೆ ಹಿಡಿದಾಗ ಒಳಗಿನ ತಂತಿ ಕೆಂಪಗಾಯಿತೇ ಹೊರತು ಬೆಳಕು ಬರಲಿಲ್ಲ. “ಅಕ್ಕ, ಅರ್ಥಿಂಗ್ ಉಂಟು, ಆದ್ರೆ ಇದ್ದೂ ಇಲ್ಲದ ಹಾಗೆ” ಎಂದರು.

ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ತಕ್ಕಂತೆ ಇಳಿಸಿಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಒಳಗೆ, ಹೊರಗಿನ ವಿದ್ಯುತ್ತಿನ ಗದ್ದಲವನ್ನು ಸೋಸುವುದಕ್ಕೆಂದು ಪುಟ್ಟ ಕೆಪಾಸಿಟರುಗಳಿರುತ್ತವೆ, ಮತ್ತು ಅವು ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ಲೋಹದ ಹೊರಮೈಗೆ ಹರಿಯಗೊಡುತ್ತವೆ. ಅರ್ಥಿಂಗ್ ಸರಿಯಿದ್ದರೆ ಆ ವಿದ್ಯುತ್ತು ನೆಲ ಸೇರುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೈಯಿಂದಲೇ ದಾರಿ ಹುಡುಕುತ್ತದೆ. ನಮ್ಮ ಮನೆಯ ಹಿಂದೆ ಮುರಕಲ್ಲಿನ ನೆಲದಲ್ಲಿ ಹೂತಿದ್ದ ಅರ್ಥ್ ಪೈಪಿನ ಕ್ಲಾಂಪು ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದು ಕೈಯಲ್ಲಿ ಪುಡಿಯಾಯಿತು. ಗುಂಡಿಯನ್ನು ಮತ್ತೆ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿಸಿ, ಹೊಸ ತಂತಿ ಎಳೆದು, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಸುರಿಯಬೇಕೆಂದು ಹೇಳಿ ಅವರು 2,300 ರೂಪಾಯಿ ತೆಗೆದುಕೊಂಡರು. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಯಾವುದೆಂದು ಕೇಳಿದರೆ ನಾನು ಈ 2,300 ರೂಪಾಯಿಯನ್ನೇ ತೋರಿಸುತ್ತೇನೆ. ಪಟ್ಟಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆದು, ಉಳಿದದ್ದರಲ್ಲಿ ಏನೇನು ಬರುತ್ತದೆಂದು ಲೆಕ್ಕ ಹಾಕತೊಡಗಿದೆವು.

ಎರಡನೆಯ ಸಾಲಿಗೆ ಬಂದದ್ದು ಮಾನಿಟರ್. ಯಾವ ಗ್ರಾಫಿಕ್ಸ್ ಕಾರ್ಡ್ ಬೇಕೆಂಬ ಪ್ರಶ್ನೆಗೆ ಉತ್ತರ ಇರುವುದು ಪರದೆಯಲ್ಲಿ ಎಂಬುದು ನನಗೆ ತಡವಾಗಿ ಹೊಳೆಯಿತು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 2560×1440ರ ಪರದೆಯಲ್ಲಿ ಸುಮಾರು 36.9 ಲಕ್ಷ. ಅಂದರೆ ದೊಡ್ಡ ಪರದೆ ಕೊಂಡರೆ ಕಾರ್ಡು ಪ್ರತಿ ಚಿತ್ರಕ್ಕೂ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆಲಸವನ್ನು ಹೆಚ್ಚುವರಿಯಾಗಿ ಮಾಡಬೇಕು, ಅದಕ್ಕೆ ತಕ್ಕ ಕಾರ್ಡು ನಮ್ಮ ಕೈಗೆಟಕುವಂತಿರಲಿಲ್ಲ. ಆದ್ದರಿಂದ 24 ಇಂಚಿನ, 1080ಪಿ (ಅಂದರೆ 1920×1080), ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆಯೆಂದು ನಿಶ್ಚಯಿಸಿದೆವು. ವೇಗದ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಲಿಲ್ಲ. 60 ಹರ್ಟ್ಸ್ ಪರದೆ ಒಂದು ಚಿತ್ರವನ್ನು ಸುಮಾರು 16.7 ಮಿಲಿಸೆಕೆಂಡು ಹಿಡಿದಿಟ್ಟರೆ 165 ಹರ್ಟ್ಸ್ ಪರದೆ ಸುಮಾರು 6 ಮಿಲಿಸೆಕೆಂಡಿಗೆ ಹೊಸ ಚಿತ್ರ ತೋರಿಸುತ್ತದೆ. ಇದನ್ನು ಉಡುಪಿಯ ಅಂಗಡಿಯೊಂದರಲ್ಲೇ ಕೊಂಡೆ, ಬೆಲೆ 10,800. ಪರದೆಯನ್ನು ಅಲ್ಲೇ ಹಚ್ಚಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ, ಸತ್ತ ಚುಕ್ಕೆಗಳಿಲ್ಲವೆಂದು ಕಣ್ಣಾರೆ ನೋಡಿ ತರಬಹುದಾದ ವಸ್ತುವನ್ನು ಕಾಣದೆ ತರಿಸುವುದು ನನಗೆ ಸರಿಯೆನಿಸಲಿಲ್ಲ.

ಪರದೆ ನಿಂತ ಮೇಲೆ ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ತಾನಾಗಿ ಕಿರಿದಾಯಿತು. 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಅಗ್ಗವಾಗಿತ್ತು, ಬೇರೆ ವಿದ್ಯುತ್ ತಂತಿಯನ್ನೂ ಬೇಡುತ್ತಿರಲಿಲ್ಲ, ಆದರೆ ನನ್ನ ಆಟಕ್ಕೆ ಆ ಮೆಮೊರಿ ಸಾಲದು. 8 ಜಿಬಿಯ, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಮತ್ತು ಎಎಂಡಿ ಕಂಪನಿಯ ಆರ್‌ಎಕ್ಸ್ 6600 ನಡುವೆ ನೋಡಿದಾಗ, ಸಾಮಾನ್ಯ ಆಟಗಳಲ್ಲಿ ಹೆಚ್ಚು ವೇಗವುಳ್ಳ 6600 ಕಾರ್ಡೇ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಚಿಕ್ಕ ಚಿತ್ರವನ್ನು ಹಿಗ್ಗಿಸಿ ಆಟದ ವೇಗ ಹೆಚ್ಚಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಸೌಲಭ್ಯ ಇದರಲ್ಲಿ ಇಲ್ಲವೆಂದು ಅಕ್ಕನ ಮಗ ತಕರಾರು ಎತ್ತಿದ. ಅವನ ಮಾತು ತಪ್ಪಲ್ಲ, ಮುಂದೆ ಅವನು ಬ್ಲೆಂಡರಿನಂಥ 3ಡಿ ಚಿತ್ರ ರಚಿಸುವ ತಂತ್ರಾಂಶ ಕಲಿಯುವುದಾದರೆ ಎನ್‌ವಿಡಿಯಾ ಕಾರ್ಡು ಹೆಚ್ಚು ಅನುಕೂಲವಾದೀತು. ಆದರೆ ಈಗಿನ ಬಳಕೆಗೆ ಈಗಿನ ಹಣ ಎಂಬ ನಿಲುವಿಗೆ ನಾನು ಅಂಟಿಕೊಂಡೆ. 6600 ಗರಿಷ್ಠ 132 ವಾಟ್ ಎಳೆಯುತ್ತದೆ ಎಂಬುದೂ, ನಮ್ಮ ಸೆಕೆಯ ಕೋಣೆಗೆ ಕಡಿಮೆ ಬಿಸಿ ಎಂಬ ಕಾರಣಕ್ಕೆ, ನನಗೆ ಮುಖ್ಯವಾಗಿ ಕಂಡಿತು.

ಇದರ ನಡುವೆ ಒಂದು ಆಸೆಯೂ ಹುಟ್ಟಿ ಸತ್ತಿತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವ್ಯವಸ್ಥೆಯನ್ನು ಬದಲಿಸಿ ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಣಿಗಾರಿಕೆ ನಡೆಸುವುದನ್ನು ನಿಲ್ಲಿಸಿದ ಮೇಲೆ, ಹಗಲುರಾತ್ರಿ ದುಡಿದ ಕಾರ್ಡುಗಳು ಬಳಸಿದ ವಸ್ತುಗಳ ಮಾರುಕಟ್ಟೆಗೆ ಬಂದು ಬಿದ್ದಿದ್ದವು. ಅಂಥದ್ದೇ ಒಂದು ದೊಡ್ಡ ಕಾರ್ಡು ಮಣಿಪಾಲದಲ್ಲಿ ವಿದ್ಯಾರ್ಥಿಯೊಬ್ಬನ ಬಳಿ ಅರ್ಧ ಬೆಲೆಗೆ ಇದೆಯೆಂದು ತಿಳಿದು ನೋಡಲು ಹೋದೆವು. ಆತ ಒಳ್ಳೆಯ ಹುಡುಗ, ಏನನ್ನೂ ಮುಚ್ಚಿಡದೆ ಕಾರ್ಡನ್ನು ಕೈಗೆ ಕೊಟ್ಟ. ಕಾರ್ಡಿನ ಹಿಂಬದಿಯ ಸ್ಕ್ರೂಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು, ಎಚ್‌ಡಿಎಂಐ ಕಿಂಡಿಯ ಅಂಚಿನಲ್ಲಿ ಹಸಿರು ಕಿಲುಬು ಕೂತಿತ್ತು. ಹೊರಗೆ ಇಷ್ಟಾದರೆ ಒಳಗಿನ ಬೆಸುಗೆಗಳ ಗತಿಯೇನೆಂದು ಊಹಿಸುವುದು ಕಷ್ಟವಲ್ಲ. ಕರಾವಳಿಯಲ್ಲಿ ಎರಡು ಮಳೆಗಾಲ ಕಂಡ ಎಲೆಕ್ಟ್ರಾನಿಕ್ ವಸ್ತುವನ್ನು ವಾರಂಟಿಯಿಲ್ಲದೆ ಕೊಳ್ಳಬಾರದೆಂದು ನನಗೆ ಅಲ್ಲಿ ಖಚಿತವಾಯಿತು. ಹೊಸ 6600 ಕಾರ್ಡಿಗೆ 20,300 ರೂಪಾಯಿ ಕೊಟ್ಟು ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಿಂದ, ಅಲ್ಲಿಗೆ ಕೆಲಸದ ಮೇಲೆ ಹೋಗಿದ್ದ ಭಾವನ ಕೈಯಲ್ಲಿ ತರಿಸಿಕೊಂಡೆ.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನಲ್ಲಿ ನಾಲ್ಕು ಕೋರಿನ (ಕೋರ್ ಎಂದರೆ ಲೆಕ್ಕ ಮಾಡುವ ಘಟಕ) ಇಂಟೆಲ್ ಐ3-12100ಎಫ್ ಮತ್ತು ಆರು ಕೋರಿನ ಎಎಂಡಿ ರೈಜನ್ 5 5600 ಎದುರುಬದುರಾದವು. ಮೊದಲನೆಯದನ್ನು ತೆಗೆದುಕೊಂಡರೆ ನಾಲ್ಕು ಸಾವಿರದಷ್ಟು ಉಳಿಯುತ್ತಿತ್ತು, ಮತ್ತು ಅಂದಿನ ಆಟಗಳಿಗೆ ಅದು ಕಡಿಮೆಯೇನೂ ಆಗುತ್ತಿರಲಿಲ್ಲ. ಆದರೂ ನಾನು 12,200 ಕೊಟ್ಟು 5600 ಕೊಂಡೆ. ಐದಾರು ವರ್ಷ ಬದಲಿಸದೆ ಇಟ್ಟುಕೊಳ್ಳುವ ಯಂತ್ರದಲ್ಲಿ ಆರು ಕೋರುಗಳಿರಲಿ ಎಂಬುದೊಂದು ಕಾರಣ. ಡಬ್ಬಿಯಲ್ಲೇ ಕೂಲರ್ ಇದ್ದು ಸಾಕೆನಿಸುವಷ್ಟು ಕೆಲಸ ಮಾಡುತ್ತದೆ ಎಂಬುದು ಇನ್ನೊಂದು. ಹೆಚ್ಚಾದ ಹಣವನ್ನು ಮದರ್‌ಬೋರ್ಡಿನಲ್ಲಿ ಮರಳಿ ಪಡೆದೆ. ಬಿ550 ಬೋರ್ಡಿನ ಬದಲು 6,200 ರೂಪಾಯಿಯ ಬಿ450 ಬೋರ್ಡ್ ಆರಿಸಿಕೊಂಡೆ.

ಈ ಆಯ್ಕೆಯಲ್ಲಿ ಎರಡು ಸೂಕ್ಷ್ಮಗಳಿವೆ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಬೋರ್ಡನ್ನು ಎಚ್ಚರಿಸುವ ಮೂಲ ತಂತ್ರಾಂಶವಾದ ಬಯೋಸ್ ಹಳೆಯದಾಗಿದ್ದರೆ ಅದು ಈ ಪ್ರೊಸೆಸರಿನ ಗುರುತೇ ಹಿಡಿಯುವುದಿಲ್ಲ, ಫ್ಯಾನುಗಳು ತಿರುಗುತ್ತವೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ರೈಜನ್ 5000 ಸರಣಿಗೆ ಸಿದ್ಧವೆಂಬ ಚೀಟಿ ಅಂಟಿಸಿರುವ ಬೋರ್ಡನ್ನೇ ಕೇಳಿ ಪಡೆದೆ. ಎರಡನೆಯದು, 6600 ಕಾರ್ಡು ಬೋರ್ಡಿನೊಂದಿಗೆ ಎಂಟೇ ಪಿಸಿಐ ಎಕ್ಸ್‌ಪ್ರೆಸ್ ಹಾದಿಗಳಲ್ಲಿ ಮಾತನಾಡುತ್ತದೆ, ಮತ್ತು ಬಿ450 ಬೋರ್ಡಿನಲ್ಲಿ ಆ ಹಾದಿಗಳು ಹಿಂದಿನ, ಅಂದರೆ ಮೂರನೆಯ ತಲೆಮಾರಿನವು. ಒಂದೊಂದರಲ್ಲಿ ಸೆಕೆಂಡಿಗೆ ಸರಿಸುಮಾರು 1 ಜಿಬಿ ಮಾಹಿತಿ ಹಾಯಬಲ್ಲುದು, ನಾಲ್ಕನೆಯ ತಲೆಮಾರಿನದರಲ್ಲಿ ಅದರ ಇಮ್ಮಡಿ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ತುಳುಕದಷ್ಟು ಕಾಲ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ, ಮತ್ತು 1080ಪಿ ಪರದೆಯಲ್ಲಿ ಅದು ತುಂಬುವುದು ಅಪರೂಪ. ಈ ಲೆಕ್ಕ ತಿಳಿದೇ ಉಳಿಸಿದ ಹಣವಾದ್ದರಿಂದ ನನಗೆ ಈವರೆಗೆ ಪಶ್ಚಾತ್ತಾಪವಾಗಿಲ್ಲ.

ನನ್ನನ್ನು ಹೆಚ್ಚು ಅಲೆದಾಡಿಸಿದ ಭಾಗ ಎಸ್‌ಎಂಪಿಎಸ್. ಮಂಗಳೂರಿನಲ್ಲಿ ನಾನು ವಿಚಾರಿಸಿದ ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ ಕೊಂಡರೆ 500 ವಾಟಿನ ಎಸ್‌ಎಂಪಿಎಸ್ ಉಚಿತವೆಂದರು. ಎತ್ತಿ ನೋಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಅದರ ಬದಿಯ ಚೀಟಿಯನ್ನು ಓದಿದೆ. 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್ ಎಂದಿತ್ತು. ಗುಣಿಸಿದರೆ 216 ವಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ 12 ವೋಲ್ಟಿನ ಸಾಲಿನಿಂದಲೇ, ಉಳಿದ ಸಾಲುಗಳ ಅಂಕಿಗಳನ್ನು ಕೂಡಿಸಿ ದೊಡ್ಡದಾಗಿ 500 ಎಂದು ಮುದ್ರಿಸಿದರೆ ಅದು ಅವುಗಳ ಹೊಟ್ಟೆ ತುಂಬಿಸುವುದಿಲ್ಲ. “ಮೇಡಂ, ಎಷ್ಟೋ ಜನ ಇದನ್ನೇ ತೆಗೊಂಡು ಹೋಗಿದ್ದಾರೆ, ಯಾರೂ ತಿರುಗಿ ತಂದಿಲ್ಲ” ಎಂದು ಅಂಗಡಿಯವರು ಹೇಳಿದರು. ಇನ್ನೂರು ದಿನಗಳ ಉಳಿತಾಯದ ಕಾರ್ಡಿಗೆ ಅಂಥ ಡಬ್ಬಿಯಿಂದ ವಿದ್ಯುತ್ ಕೊಡುವ ಧೈರ್ಯ ನನಗಾಗಲಿಲ್ಲ. ಹಂಪನಕಟ್ಟೆಯ ಬಳಿಯ ಇನ್ನೊಂದು ಅಂಗಡಿಯಲ್ಲಿ ವಿದ್ಯುತ್ತಿನ ಪೋಲು ಕಡಿಮೆಯೆಂದು ಸೂಚಿಸುವ 80 ಪ್ಲಸ್ ಬ್ರಾಂಜ್ ದರ್ಜೆಯ, 550 ವಾಟಿನ, 12 ವೋಲ್ಟಿನಲ್ಲಿ 45 ಆಂಪಿಯರ್ ಕೊಡಬಲ್ಲ, ಐದು ವರ್ಷ ವಾರಂಟಿಯ ಎಸ್‌ಎಂಪಿಎಸ್ 4,200ಕ್ಕೆ ಸಿಕ್ಕಿತು. 6600 ಕಾರ್ಡಿಗೆ 450 ವಾಟಿನದು ಸಾಕೆಂದು ಎಎಂಡಿ ಹೇಳಿದ್ದರೂ ಸ್ವಲ್ಪ ಉಸಿರಾಡಲು ಜಾಗವಿರಲಿ ಎಂದುಕೊಂಡೆ.

ಅದೇ ಅಂಗಡಿಯಲ್ಲಿ ಬೋರ್ಡು, ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳು, ಆಟಗಳನ್ನೂ ಕಡತಗಳನ್ನೂ ಇಟ್ಟುಕೊಳ್ಳಲು 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಮುಂಭಾಗದಲ್ಲಿ ಜಾಲರಿಯಿರುವ ಕ್ಯಾಬಿನೆಟ್ ಇವನ್ನೂ ಕೊಂಡೆ. ರ‍್ಯಾಮಿಗೆ 3,400, ಎಸ್‌ಎಸ್‌ಡಿಗೆ 2,900, ಕ್ಯಾಬಿನೆಟ್ಟಿಗೆ 2,900. ಕ್ಯಾಬಿನೆಟ್ಟಿನ ವಿಷಯದಲ್ಲಿ ಗಾಜು, ಬಣ್ಣದ ದೀಪಗಳಿಗೆ ಮನಸೋಲದೆ, ಗಾಳಿ ಆಡುವ ಜಾಲರಿ ಮತ್ತು ಬಿಚ್ಚಿ ತೊಳೆಯಬಹುದಾದ ಧೂಳಿನ ಪರದೆ ಇವೆರಡನ್ನೇ ನೋಡಿದೆ. ಪ್ರತಿ ಬಿಲ್ಲಿನಲ್ಲಿ ಭಾಗದ ಕ್ರಮಸಂಖ್ಯೆಯನ್ನು ಬರೆಸಿಕೊಂಡೆ, ವಾರಂಟಿಗೆ ಮುಂದೆ ಅದೇ ಆಧಾರ.

ಯುಪಿಎಸ್ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು. ರೂಟರಿಗೆಂದು ಇಟ್ಟಿದ್ದ 600 ವಿಎ ಯುಪಿಎಸ್ ಇದ್ದೇ ಇತ್ತು, ಅದು ಸಾಲದೇ ಎಂದು ಅಕ್ಕ ಕೇಳಿದಳು. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಕಾರ್ಡಿಗೆ 132, ಪ್ರೊಸೆಸರಿಗೆ ಹೆಚ್ಚೆಂದರೆ 76, ಬೋರ್ಡು, ಫ್ಯಾನು, ಎಸ್‌ಎಸ್‌ಡಿಗಳಿಗೆ 40, ಒಟ್ಟು 250 ವಾಟ್. ಎಸ್‌ಎಂಪಿಎಸ್‌ನಲ್ಲಿ ನೂರರಲ್ಲಿ ಹದಿನೈದು ಪಾಲು ಬಿಸಿಯಾಗಿ ಹೋಗುವುದರಿಂದ ಗೋಡೆಯ ಪ್ಲಗ್ಗಿನಿಂದ 295ರಷ್ಟು ಎಳೆಯುತ್ತದೆ, ಮಾನಿಟರ್ ಸೇರಿದರೆ 320. ಹಳೆಯ ಯುಪಿಎಸ್‌ನ ಶಕ್ತಿ ಹೊಸದಿದ್ದಾಗಲೇ 360 ವಾಟ್, ಈಗ ಬ್ಯಾಟರಿ ಮುದಿಯಾಗಿದೆ. 1,100 ವಿಎ, 660 ವಾಟಿನ ಹೊಸದನ್ನು 5,200 ಕೊಟ್ಟು ತಂದೆವು. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿರುವಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು, ಕೆಲವು ಎಸ್‌ಎಂಪಿಎಸ್‌ಗಳು ಅದನ್ನು ಒಪ್ಪದೆ ಆ ಕ್ಷಣವೇ ಆರಿಹೋಗುತ್ತವೆ. ಹಾಗಾಗಿ ಮೊದಲ ದಿನವೇ ಆಟ ನಡೆಯುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ ಪರೀಕ್ಷಿಸಿದೆವು, ನಮ್ಮದು ಆರಲಿಲ್ಲ.

ಎಲ್ಲ ಸೇರಿ 70,400 ರೂಪಾಯಿಯಾಯಿತು. ಕೀಬೋರ್ಡ್ ಮತ್ತು ಮೌಸ್ ಮನೆಯಲ್ಲಿದ್ದ ಹಳೆಯವೇ.

ಜನವರಿಯ ಒಂದು ಭಾನುವಾರ ಚಾವಡಿಯ ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಪ್ರೊಸೆಸರಿನ ಮೂಲೆಯ ಪುಟ್ಟ ಬಂಗಾರದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಳಿಬಿಟ್ಟರೆ ಅದು ತನ್ನ ಭಾರಕ್ಕೇ ಕೂರುತ್ತದೆ, ಒತ್ತಲೇಬಾರದು. ರ‍್ಯಾಮ್ ಅದಕ್ಕೆ ವಿರುದ್ಧ, ಬಲವಾಗಿ ಒತ್ತಬೇಕು. ಈ ವ್ಯತ್ಯಾಸ ನಮ್ಮ ಕೈಗಳಿಗೆ ಆಗ ತಿಳಿದಿರಲಿಲ್ಲ. ನಾಲ್ಕು ಗಂಟೆಯ ಕೆಲಸದ ನಂತರ ಗುಂಡಿ ಒತ್ತಿದಾಗ ಫ್ಯಾನುಗಳೆಲ್ಲ ತಿರುಗಿದವು, ಪರದೆ ಮಾತ್ರ ಕಪ್ಪು. “ಚಿಕ್ಕಮ್ಮ, ಏನೂ ಬರ್ತಾ ಇಲ್ಲ” ಎಂದು ಹುಡುಗ ಅಳುವ ಹಾಗಾದ. ನನಗೂ ಬಯೋಸ್ ಹಳೆಯದೇ ಇರಬೇಕೆಂಬ ಭಯ ಹೊಟ್ಟೆಯಲ್ಲಿ ಕೂತಿತು. ಬೋರ್ಡಿನ ಅಂಚಿನಲ್ಲಿ ಒಂದು ಚಿಕ್ಕ ದೀಪ ಉರಿಯುತ್ತಿರುವುದನ್ನು ಕಂಡವನು ಅವನೇ, ಅದರ ಪಕ್ಕದಲ್ಲಿ ಡಿ‌ರ‍್ಯಾಮ್ ಎಂದು ಬರೆದಿತ್ತು. ಕಡ್ಡಿಗಳನ್ನು ತೆಗೆದು, ಕೈಪಿಡಿಯಲ್ಲಿ ಹೇಳಿದಂತೆ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿಯೇ ಇಟ್ಟು, ಟಕ್ಕೆಂದು ಸದ್ದು ಬರುವವರೆಗೆ ಹೆಬ್ಬೆರಳಿನಿಂದ ಒತ್ತಿದೆ. ಪರದೆ ಬೆಳಗಿತು.

ವಿಂಡೋಸ್ 11 ಹಾಕಿದ ಮೇಲೂ ಮೂರು ಕೆಲಸ ಉಳಿದಿತ್ತು. ಬಯೋಸಿನಲ್ಲಿ ರ‍್ಯಾಮಿಗೆ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಚಾಲೂ ಮಾಡುವವರೆಗೆ 3200ರ ರ‍್ಯಾಮ್ 2666ರಲ್ಲಿಯೇ ಓಡುತ್ತಿತ್ತು. ಪರದೆಯ ಸೆಟ್ಟಿಂಗಿನಲ್ಲಿ ಬದಲಿಸುವವರೆಗೆ 165 ಹರ್ಟ್ಸ್ ಮಾನಿಟರ್ 60ರಲ್ಲಿಯೇ ಇತ್ತು. ವ್ಯಾಲರೆಂಟಿನ ಮೋಸದಾಟ ತಡೆಯುವ ಕಾವಲು ತಂತ್ರಾಂಶ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡನ್ನೂ ಕೇಳಿತು. ಮಾನಿಟರಿನ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕೆಂಬುದನ್ನೂ ಇಲ್ಲಿ ಹೇಳಬೇಕು, 5600 ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದ್ದರಿಂದ ಬೋರ್ಡಿನ ಎಚ್‌ಡಿಎಂಐ ಕಿಂಡಿಯಲ್ಲಿ ಏನೂ ಬರುವುದಿಲ್ಲ.

ಆ ರಾತ್ರಿ ನನ್ನ ಆಟದಲ್ಲಿ ಹಿಮದ ಬೆಟ್ಟದಿಂದ ಕುದುರೆ ಕೆಳಗಿಳಿಯುವಾಗ ನಾನು ಮೌಸ್ ಬಿಟ್ಟು ಸುಮ್ಮನೆ ನೋಡುತ್ತ ಕುಳಿತಿದ್ದೆ. ಆಮೇಲೆ ಕ್ಯಾಬಿನೆಟ್ಟಿನ ಲೋಹದ ಮೇಲೆ ಬೆರಳಿಟ್ಟು, ಜುಮ್ಮೆನ್ನುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ.

ಏಪ್ರಿಲಿನ ಸೆಕೆಯಲ್ಲಿ ಪ್ರೊಸೆಸರ್ 80 ಡಿಗ್ರಿಯ ಸುತ್ತ ಏರಿತು, ಅದರ ಮಿತಿ 90 ಆದ್ದರಿಂದ ಕೂಲರ್ ಬದಲಿಸಲಿಲ್ಲ, ಮುಂಭಾಗಕ್ಕೆ ಇನ್ನೊಂದು ಫ್ಯಾನ್ ಸೇರಿಸಿದೆ. ಮೇ ತಿಂಗಳ ಸಂಜೆಗಳಲ್ಲಿಯೂ ತುಳುವಿನ ಬೊಂತೆಲ್ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿನ ದಿನಗಳಲ್ಲಿಯೂ, ದೂರದಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಯಂತ್ರವನ್ನು ಆರಿಸಿ, ಯುಪಿಎಸ್‌ನ ಪ್ಲಗ್ಗನ್ನೂ ರೂಟರಿನ ಅಡಾಪ್ಟರನ್ನೂ ಗೋಡೆಯಿಂದ ಕಿತ್ತಿಡುತ್ತೇವೆ. ಹತ್ತಿರ ಬೀಳುವ ಸಿಡಿಲನ್ನು ಅರ್ಥಿಂಗ್ ಆಗಲಿ ಯುಪಿಎಸ್ ಆಗಲಿ ತಡೆಯಲಾರದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಊರಿನಲ್ಲಿ, ಆಟಿಯ (ಜುಲೈ-ಆಗಸ್ಟ್) ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವಾಗ, ಯಾರೂ ಆಡದ ದಿನವೂ ಅರ್ಧ ಗಂಟೆ ಯಂತ್ರವನ್ನು ಓಡಿಸಿ ಒಳಗಿನ ತೇವವನ್ನು ಬಿಸಿಯಿಂದ ಓಡಿಸುವುದು ಅಕ್ಕನ ಮಗನ ಹೊಣೆ.

ಒಂದೇ ಒಂದು ಲೆಕ್ಕ ತಪ್ಪಿತು. ನನ್ನ ಆಟವೊಂದೇ 150 ಜಿಬಿ ಜಾಗ ಕೇಳುತ್ತದೆ, ವಿಂಡೋಸ್ ಮತ್ತು ಅವನ ಆಟಗಳು ಸೇರಿ 500 ಜಿಬಿ ಆರು ತಿಂಗಳಲ್ಲಿ ತುಂಬಿತು. ಬೋರ್ಡಿನಲ್ಲಿ ಇನ್ನೊಂದು ಎನ್‌ವಿಎಂಇ ಕಿಂಡಿ ಇಲ್ಲ, ಅದಕ್ಕಿಂತ ಹಳೆಯ, ನಿಧಾನದ ಸಾಟಾ ಕಿಂಡಿಗಳಿವೆ. 1 ಟಿಬಿಯ ಸಾಟಾ ಎಸ್‌ಎಸ್‌ಡಿಗೆಂದು ದಿನಕ್ಕೆ 50 ರೂಪಾಯಿಯ ಹೊಸ ಪಿಗ್ಮಿ ಖಾತೆಯನ್ನು ಈ ಬಾರಿ ಅವನ ಹೆಸರಿನಲ್ಲೇ ತೆರೆದಿದ್ದೇವೆ.